ಕತ್ತಿ ಕೆಳಗಿಡದ ಮದುಮಗಳು: ನಿಶ್ಚಯದ ಮದುವೆಯ ಫ್ಯಾಂಟಸಿ ಪ್ರೇಮಕಥೆ ಬರೆಯಲು ಸಮಗ್ರ ಮಾರ್ಗದರ್ಶಿ

ಅಂತರಪಟ ಇನ್ನೂ ಸರಿದಿಲ್ಲ. ಬಟ್ಟೆಯ ಈ ಕಡೆ ಮದುಮಗಳು. ಕೈಯಲ್ಲಿ ಜೀರಿಗೆ ಬೆಲ್ಲ. ಅಂಗೈಯ ಮದರಂಗಿಯ ಕೆಳಗೆ ಕತ್ತಿ ಹಿಡಿದು ಜಡ್ಡುಗಟ್ಟಿದ ಚರ್ಮ. ಆ ಕಡೆ ನಿಂತವನ ಮುಖವನ್ನು ಅವಳು ನೋಡಿಲ್ಲ. ಆದರೆ ಎರಡು ವರ್ಷದ ಹಿಂದೆ ಅವನ ಪಡೆಯ ಬಾಣವೊಂದು ಅವಳ ಭುಜಕ್ಕೆ ನಾಟಿತ್ತು. ಮಳೆಗಾಲ ಬಂದರೆ ಆ ಗಾಯ ಈಗಲೂ ನೋಯುತ್ತದೆ.

ಇಂಥ ಒಂದು ದೃಶ್ಯ ಮನಸ್ಸಿಗೆ ಬಂದರೆ ಸಾಕು, ಬರೆಯದೆ ಇರಲಾಗುವುದಿಲ್ಲ ಅಲ್ವಾ? ತುಂಬಾ ಜನ ಹೀಗೇ ಶುರು ಮಾಡುತ್ತಾರೆ. ಹತ್ತನೇ ಕಂತಿನ ಹೊತ್ತಿಗೆ ನಾಯಕಿಯ ಕತ್ತಿ ಗೋಡೆಗೆ ನೇತುಬಿದ್ದಿರುತ್ತದೆ. ಅವಳು ಬಾಗಿಲಲ್ಲಿ ನಿಂತು ಗಂಡನ ದಾರಿ ಕಾಯುತ್ತಿರುತ್ತಾಳೆ. ನನ್ನ ಮೊದಲ ಕಥೆಯಲ್ಲೂ ಹೀಗೇ ಆಯಿತು. ಓದುಗರೊಬ್ಬರು ಒಂದೇ ಸಾಲು ಬರೆದಿದ್ದರು: "ಅವಳ ಕತ್ತಿ ಎಲ್ಲಿ ಹೋಯಿತು?" ನನ್ನಲ್ಲಿ ಉತ್ತರ ಇರಲಿಲ್ಲ. ಆ ಕಥೆಯನ್ನು ಪೂರ್ತಿ ತಿರುಗಿ ಬರೆದೆ. ಆಗ ಕಲಿತದ್ದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬಗೆಯ ಕಥೆಯಲ್ಲಿ ಪ್ರೀತಿ ಎಂದರೆ ನಾಯಕಿ ಕತ್ತಿ ಕೆಳಗಿಡುವುದಲ್ಲ. ಕತ್ತಿ ಹಿಡಿದೇ, ಒಬ್ಬ ಅಪರಿಚಿತನಿಗೆ ಬೆನ್ನು ಕೊಟ್ಟು ನಿಲ್ಲುವಷ್ಟು ಅವನನ್ನು ನಂಬುವುದು. ಮುಂದಿನ ಹಂತಗಳೆಲ್ಲ ಆ ನಂಬಿಕೆ ಬೆಳೆಯುವ ದಾರಿ.

ಹಂತ 1: ಮದುವೆಗೆ ಗಟ್ಟಿ ಕಾರಣ ಕೊಡಿ

"ಹಿರಿಯರು ಹೇಳಿದರು, ಅವಳು ಒಪ್ಪಿದಳು" ಎಂದರೆ ಕಥೆ ಅಲ್ಲೇ ಮುಗಿಯಿತು. ಈ ಮದುವೆ ಆಗದಿದ್ದರೆ ಯಾರಿಗೆ ಏನು ನಷ್ಟ? ಮೊದಲು ಇದನ್ನು ಬರೆದುಕೊಳ್ಳಿ.

ನಮ್ಮ ನೆಲದ ಇತಿಹಾಸದಲ್ಲಿ ಕಾರಣಗಳಿಗೆ ಬರವಿಲ್ಲ. ಘಟ್ಟ ಇಳಿಯುವ ದಾರಿ ಯಾರ ಕೈಯಲ್ಲಿದೆಯೋ ಮೆಣಸಿನ ಸುಂಕ ಅವರದು. ವಿಜಯನಗರದ ಕಾಲದಲ್ಲಿ ಅರಬ್ ಮತ್ತು ಪರ್ಷಿಯಾ ಕಡೆಯ ಕುದುರೆಗಳು ಭಟ್ಕಳದಂಥ ಬಂದರುಗಳಿಗೆ ಬಂದು ಇಳಿಯುತ್ತಿದ್ದವು. ಕುದುರೆ ಇಲ್ಲದ ರಾಜ್ಯ, ಬಂದರು ಇಲ್ಲದ ರಾಜ್ಯ, ನೀರಿಲ್ಲದ ಕೋಟೆ. ಇವುಗಳಲ್ಲಿ ಎರಡನ್ನು ಎದುರುಬದುರು ಕೂರಿಸಿ. ಬೀಗತನ ತಾನೇ ಹುಟ್ಟುತ್ತದೆ.

16ನೇ ಶತಮಾನದ ಉಳ್ಳಾಲದ ರಾಣಿ ಅಬ್ಬಕ್ಕನ ಬದುಕನ್ನೇ ನೋಡಿ. ಚೌಟ ಮನೆತನದಲ್ಲಿ ಅಳಿಯಸಂತಾನ ಕಟ್ಟು. ಹಾಗಾಗಿ ಅಧಿಕಾರ ಸೋದರಮಾವನಿಂದ ಅವಳಿಗೆ ಬಂತು. ಬಂಗ ಮನೆತನದ ಲಕ್ಷ್ಮಪ್ಪರಸನ ಜೊತೆ ಮದುವೆಯಾಯಿತು. ಮದುವೆಯ ನಂತರವೂ ಅವಳು ಉಳ್ಳಾಲದಲ್ಲೇ ಉಳಿದು ಆಳಿದಳು. ಆ ದಾಂಪತ್ಯ ಮುರಿಯಿತು. ಪೋರ್ಚುಗೀಸರ ವಿರುದ್ಧ ಅವಳು ನಿಂತಾಗ ಗಂಡ ಅವಳ ಎದುರು ಪಾಳಯದಲ್ಲಿದ್ದ ಎನ್ನುತ್ತದೆ ಕರಾವಳಿಯ ನೆನಪು. ಇದು ಸುಖಾಂತದ ಕಥೆಯಲ್ಲ. ಆದರೆ ನಮಗೊಂದು ದೊಡ್ಡ ಪ್ರಶ್ನೆ ಕೊಡುತ್ತದೆ: ಮದುಮಗಳು ತವರಿನ ಗದ್ದುಗೆಯನ್ನು ಬಿಡದಿದ್ದರೆ, ಗಂಡ ಎಲ್ಲಿ ಕೂರುತ್ತಾನೆ?

ಮಹಾಭಾರತದ ಚಿತ್ರಾಂಗದೆಯ ಮದುವೆಯಲ್ಲೂ ಒಂದು ಷರತ್ತಿದೆ. ಹುಟ್ಟುವ ಮಗ ಮಣಿಪುರದಲ್ಲೇ ಉಳಿದು ವಂಶ ಮುಂದುವರಿಸಬೇಕು ಎಂದು ಅವಳ ಅಪ್ಪ ಕೇಳುತ್ತಾನೆ. ಅರ್ಜುನ ಒಪ್ಪುತ್ತಾನೆ. ಷರತ್ತು ಎಂದರೆ ಕಥೆಯ ಬೀಜ.

ಈಗ ನಿಮ್ಮ ಕಥೆಯ ಮದುವೆಯ ಒಪ್ಪಂದವನ್ನು ನಿಜವಾಗಿಯೂ ಒಂದು ಹಾಳೆಯಲ್ಲಿ ಬರೆಯಿರಿ. ಐದು ಷರತ್ತು ಸಾಕು. ಅಂತರಪಟದ ಈಚೆ ನಿಂತ ಹುಡುಗಿಗೆ ನಾಗಲೆ ಎಂದು ಹೆಸರಿಡೋಣ. ಅವಳು ಘಟ್ಟದ ಕಣಿವೆಯ ಕಾವಲುಗಾರ್ತಿ. ಆಚೆ ನಿಂತವನು ಬಂದರಿನ ಒಡೆಯನ ಮಗ ಕೇತರಸ. ಅವರ ಒಪ್ಪಂದ ಹೀಗಿರಬಹುದು: ಕಣಿವೆಯ ಸುಂಕದಲ್ಲಿ ಅರ್ಧ ಬಂದರಿಗೆ. ವರ್ಷಕ್ಕೆ 40 ಕುದುರೆ ಕಣಿವೆಗೆ. ಮಳೆಗಾಲದ ನಾಲ್ಕು ತಿಂಗಳು ನಾಗಲೆ ಗಂಡನ ಮನೆಯಲ್ಲಿ, ಉಳಿದ ಎಂಟು ತಿಂಗಳು ಕಾವಲಿನಲ್ಲಿ. ಇಬ್ಬರಲ್ಲಿ ಯಾರೇ ಇನ್ನೊಬ್ಬರ ಮೇಲೆ ಆಯುಧ ಎತ್ತಿದರೆ ಒಪ್ಪಂದ ರದ್ದು. ಐದನೆಯದನ್ನು ಓದುಗರಿಗೆ ತಡವಾಗಿ ತಿಳಿಸಿ. ಪ್ರತಿ ಷರತ್ತೂ ಮುಂದೆ ಒಂದು ಅಧ್ಯಾಯದಲ್ಲಿ ಪರೀಕ್ಷೆಗೆ ಬರಬೇಕು.

ಇನ್ನೊಂದು ವಿಷಯ. ಇಬ್ಬರಿಗೂ "ಬೇಡ" ಎನ್ನುವ ಅವಕಾಶ ಇರಲಿ. ಬೇಡ ಎಂದರೆ ತೆರಬೇಕಾದ ಬೆಲೆ ದೊಡ್ಡದಿರಬಹುದು. ಆದರೆ ಬಾಗಿಲು ತೆರೆದೇ ಇರಬೇಕು. ಕೈಕಾಲು ಕಟ್ಟಿ ಮಂಟಪಕ್ಕೆ ತಂದವಳ ಕಥೆಯಲ್ಲಿ ಮುಂದೆ ಎಷ್ಟೇ ಮುದ್ದಾದ ದೃಶ್ಯ ಬರೆದರೂ ಓದುಗರ ಮನಸ್ಸು ಹಿಂಜರಿಯುತ್ತದೆ. ಹಿಂಜರಿಯಬೇಕು ಕೂಡ.

ಹಂತ 2: ಅವಳ ಕೈಗೆ ಕತ್ತಿ ಹೇಗೆ ಬಂತು?

"ಅವಳು ಚಿಕ್ಕಂದಿನಿಂದಲೇ ಯುದ್ಧವಿದ್ಯೆಯಲ್ಲಿ ನಿಪುಣೆ" ಎಂಬ ಸಾಲನ್ನು ದಯವಿಟ್ಟು ಬರೆಯಬೇಡಿ. ಯಾರು ಕಲಿಸಿದರು? ಯಾವ ಆಯುಧ? ಯಾವ ದಿನ ಸೋತಳು? ಇದನ್ನು ತೋರಿಸಿ.

ಹೆಣ್ಣು ಯುದ್ಧಕ್ಕೆ ಹೋಗುವುದು ನಮ್ಮಲ್ಲಿ ಬರೀ ಕಲ್ಪನೆ ಅಲ್ಲ. ಚಾಲುಕ್ಯರ ಅಕ್ಕಾದೇವಿ 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳು. ಹೊಯ್ಸಳ ಇಮ್ಮಡಿ ಬಲ್ಲಾಳನ ರಾಣಿ ಉಮಾದೇವಿ ಬಂಡೆದ್ದ ಸಾಮಂತರ ಮೇಲೆ ದಂಡೆತ್ತಿ ಹೋದವಳು. 10ನೇ ಶತಮಾನದ ಆರಂಭದಲ್ಲಿ ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ನಾಗರಖಂಡ ಎಪ್ಪತ್ತರ, ಅಂದರೆ ಎಪ್ಪತ್ತು ಹಳ್ಳಿಗಳ ನಾಡಿನ, ಆಡಳಿತವನ್ನು ವಹಿಸಿಕೊಂಡಳು. ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಇದ್ದಾಳೆ. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರೂ ಲೆಕ್ಕ ಬರೆಯುವ ಹೆಂಗಸರೂ ಇದ್ದರೆಂದು ಬರೆದಿದ್ದಾನೆ. ಬೇರೆ ದೇಶದ ಕೋಟೆ, ಬೇರೆ ದೇಶದ ಉಕ್ಕಿನ ಕವಚವನ್ನು ಎರವಲು ತರುವ ಮೊದಲು ನಮ್ಮ ಶಾಸನಗಳನ್ನೂ ಗುಡಿಯ ಗೋಡೆಗಳನ್ನೂ ಒಮ್ಮೆ ನೋಡಿ. ಹೆಸರುಗಳೂ ಅಲ್ಲೇ ಸಿಗುತ್ತವೆ. ಅಬ್ಬೆ, ಅರಸಿ, ಲೆ ಎಂದು ಮುಗಿಯುವ ಹಳೆಯ ಹೆಸರುಗಳು ಎಷ್ಟು ಚೆಂದ!

ಈಗ ಮೈಯ ವಿವರಕ್ಕೆ ಬನ್ನಿ. ಒಂದು ಕೈಯ ಕತ್ತಿಯ ತೂಕ ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು. ಹತ್ತು ಕಿಲೋ ಕತ್ತಿ ತಿರುಗಿಸುವ ನಾಯಕಿ ನಂಬಿಕೆಗೆ ದೂರ. ಒಂದು ಕಿಲೋ ಕತ್ತಿಯನ್ನೇ ಅರ್ಧ ಗಂಟೆ ಬೀಸಿದರೆ ಮಣಿಕಟ್ಟು ಸೋತು ಹೋಗುತ್ತದೆ. ಬಿಲ್ಲುಗಾರ್ತಿಯಾದರೆ ಬಳೆಯ ಬಗ್ಗೆ ಯೋಚಿಸಿ. ಹೆದೆ ಬಿಟ್ಟಾಗ ಅದು ಎಡಗೈಯ ಒಳಮಗ್ಗುಲಿಗೆ ಬಡಿಯುತ್ತದೆ. ಗಾಜಿನ ಬಳೆ ಚೂರಾಗುತ್ತದೆ. ಹಾಗಾದರೆ ಮದುವೆಯ ಹಸಿರು ಬಳೆ ತೊಟ್ಟ ನಾಗಲೆ ಮಾರನೇ ದಿನ ಅಭ್ಯಾಸಕ್ಕೆ ಹೇಗೆ ಹೋಗುತ್ತಾಳೆ? ಬಳೆಗಳ ಮೇಲೆ ಬಟ್ಟೆ ಸುತ್ತಿಕೊಳ್ಳುತ್ತಾಳೆಯೇ? ಅದನ್ನು ಅವಳ ಅತ್ತೆ ನೋಡುತ್ತಾರೆಯೇ? ಅತ್ತೆ ಬೈಯುತ್ತಾರೋ, ಇಲ್ಲ ಮೆತ್ತನೆಯ ಬಟ್ಟೆ ತಂದು ತಾವೇ ಸುತ್ತುತ್ತಾರೋ? ನೋಡಿ, ಒಂದು ಬಳೆಯಿಂದ ಎಷ್ಟು ಕಥೆ ಹುಟ್ಟಿತು.

ದಿನಚರಿಯೂ ಬೇಕು. ಗರಡಿಯ ಕೆಮ್ಮಣ್ಣು, ಸಾಮು ತೆಗೆದ ಮೇಲೆ ಬರುವ ಹಸಿವು, ಕಚ್ಚೆ ಹಾಕಿ ಉಟ್ಟ ಸೀರೆ, ಮೈಗೆ ಹಚ್ಚುವ ಎಣ್ಣೆ. ಸೋಲೂ ಬೇಕು. ಒಮ್ಮೆಯೂ ಸೋಲದವಳಿಗೆ ಇನ್ನೊಬ್ಬರ ಮೇಲೆ ನಂಬಿಕೆ ಇಡುವ ಅಗತ್ಯವೇ ಬರುವುದಿಲ್ಲ.

ಒನಕೆ ಓಬವ್ವನ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಒನಕೆಗಿಂತ ಮೊದಲಿನ ಕ್ಷಣ. ಚಿತ್ರದುರ್ಗದ ಜನ ಹೇಳುವ ಹಾಗೆ, ಕಾವಲಿನ ಗಂಡ ಊಟಕ್ಕೆ ಬಂದಿದ್ದ. ನೀರು ತರಲು ಹೋದ ಅವಳಿಗೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಂಡಿತು. ಉಣ್ಣುವವನನ್ನು ಅವಳು ಎಬ್ಬಿಸಲಿಲ್ಲ. ಗಂಡನ ಊಟದ ಮೇಲಿನ ಕಾಳಜಿ, ಕೋಟೆಯ ಮೇಲಿನ ಕಾಳಜಿ, ಎರಡೂ ಒಂದೇ ಹೆಣ್ಣಿನಲ್ಲಿ, ಒಂದೇ ಗಳಿಗೆಯಲ್ಲಿ. ವೀರನಾಯಕಿಯನ್ನು ಬರೆಯುವವರು ಈ ಗಳಿಗೆಯನ್ನು ಮತ್ತೆ ಮತ್ತೆ ನೆನೆಯಬೇಕು.

ಹಂತ 3: ನಾಯಕನನ್ನು ಕುಗ್ಗಿಸಬೇಡಿ, ಹಿಗ್ಗಿಸಬೇಡಿ

ಅವಳನ್ನು ಎತ್ತರಿಸಲು ಅವನನ್ನು ಹೇಡಿ ಮಾಡುವುದು ಸುಲಭದ ದಾರಿ. ಕೊನೇ ಯುದ್ಧದಲ್ಲಿ ಅವನೇ ಬಂದು ಅವಳನ್ನು ಉಳಿಸುವುದು ಇನ್ನೂ ಸುಲಭದ ದಾರಿ. ಎರಡೂ ಬೇಡ. ಅವನಿಗೆ ಬೇರೆ ಶಕ್ತಿ ಕೊಡಿ. ಕೇತರಸನಿಗೆ ಗಾಳಿ, ಉಬ್ಬರ, ಲೆಕ್ಕಪತ್ರ, ಏಳು ಊರಿನ ವ್ಯಾಪಾರಿಗಳ ಭಾಷೆ ಗೊತ್ತು. ಕತ್ತಿಯಲ್ಲಿ ಅವನು ಸಾಧಾರಣ. ಅದನ್ನು ಒಪ್ಪಿಕೊಳ್ಳಲು ಅವನಿಗೆ ಸಂಕೋಚವಿಲ್ಲ. ಅವಳ ಮೊದಲ ಮೆಚ್ಚುಗೆ ಅಲ್ಲೇ ಹುಟ್ಟಲಿ.

ಹಂತ 4: ಮಾಯೆಯನ್ನು ಮದುವೆಗೆ ಕಟ್ಟಿ

ಫ್ಯಾಂಟಸಿ ಎಂದರೆ ಆಕಾಶದಲ್ಲಿ ಎರಡು ಚಂದ್ರ ಇಡುವುದಲ್ಲ. ನಿಮ್ಮ ಲೋಕದ ಮಾಯೆ ಈ ಇಬ್ಬರ ಸಂಬಂಧವನ್ನು ಮುಟ್ಟದಿದ್ದರೆ ಅದು ಬರೀ ಅಲಂಕಾರ.

ನಮ್ಮ ಊರೂರಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತದೆ. ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ನಾಗಲೆಯ ಕಣಿವೆಯಲ್ಲಿ ಈ ಕಲ್ಲುಗಳು ಮಾತಾಡುತ್ತವೆ ಎಂದುಕೊಳ್ಳಿ. ಶತ್ರು ಬರುವ ಮುನ್ಸೂಚನೆ ಕೊಡುತ್ತವೆ. ಆದರೆ ಆ ಮನೆತನದ ರಕ್ತದವರಿಗೆ ಮಾತ್ರ ಕೇಳಿಸುತ್ತದೆ. ಮದುವೆಯಾಗಿ ಗೋತ್ರ ಬದಲಾದರೆ? ಕಲ್ಲುಗಳು ಅವಳನ್ನು ಗುರುತಿಸುತ್ತವೆಯೇ? ಧಾರೆ ಎರೆದ ರಾತ್ರಿ ಅವಳು ಒಬ್ಬಳೇ ಕಲ್ಲಿನ ಮುಂದೆ ಕುಳಿತಿದ್ದಾಳೆ. ಮೌನ. ತವರು ಬಿಟ್ಟ ಹೆಣ್ಣಿನ ಸಂಕಟವೇ ಇಲ್ಲಿ ಮಾಯೆಯ ರೂಪ ಪಡೆಯಿತು. ಓದುವ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಒಂದು ಕಿವಿಮಾತು. ಇವತ್ತಿಗೂ ಜನ ಕೈಮುಗಿಯುವ ದೈವಗಳನ್ನು ಹೆಸರು ಹಿಡಿದು ಮಂತ್ರದಂಡದ ಹಾಗೆ ಬಳಸಬೇಡಿ. ನಂಬಿಕೆಯ ರೀತಿಯನ್ನು ಗಮನಿಸಿ, ನಿಮ್ಮದೇ ಹೊಸ ದೈವವನ್ನು ಕಟ್ಟಿ.

ಹಂತ 5: ಶಾಸ್ತ್ರಗಳನ್ನು ದೃಶ್ಯ ಮಾಡಿ

ನಿಶ್ಚಯದ ಮದುವೆಯ ಕಥೆಯಲ್ಲಿ ನಮಗಿರುವ ಸಂಪತ್ತು ಇದು. ಮದುವೆಯ ಒಂದೊಂದು ಶಾಸ್ತ್ರವೂ ಇಬ್ಬರು ಅಪರಿಚಿತರನ್ನು ಹತ್ತಿರ ತರಲೆಂದೇ ಇರುವ ಹಾಗಿದೆ. ಪಟ್ಟಿ ಮಾಡಿ ಮುಗಿಸಬೇಡಿ. ಎರಡೋ ಮೂರೋ ಆರಿಸಿ, ಪೂರ್ತಿ ಬರೆಯಿರಿ.

ಅರುಂಧತಿ ತೋರಿಸುವ ಶಾಸ್ತ್ರ ನನ್ನ ಮೆಚ್ಚಿನದು. ಸಪ್ತರ್ಷಿ ಮಂಡಲದ ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದರ ಪಕ್ಕದಲ್ಲಿ ಮಿಣುಕುವ ಸಣ್ಣ ಚುಕ್ಕಿ ಅರುಂಧತಿ. ಕಣ್ಣು ಚುರುಕಿದ್ದರೆ ಮಾತ್ರ ಎರಡೂ ಬೇರೆ ಬೇರೆ ಕಾಣುತ್ತವೆ. ಮದುಮಗ ಮದುಮಗಳಿಗೆ ತೋರಿಸಬೇಕು ಎಂಬುದು ರೂಢಿ. ನಾಗಲೆ ಬಿಲ್ಲುಗಾರ್ತಿ. ಅವಳಿಗೆ ತಕ್ಷಣ ಕಂಡಿತು. ತೋರಿಸಬೇಕಾದ ಕೇತರಸನಿಗೆ ಕಾಣುತ್ತಿಲ್ಲ. ಸುತ್ತ ನೆಂಟರು ಕಾಯುತ್ತಿದ್ದಾರೆ. ಅವಳು ತುಟಿ ಅಲುಗಿಸದೆ ಪಿಸುಗುಟ್ಟುತ್ತಾಳೆ: "ಸ್ವಲ್ಪ ಎಡಕ್ಕೆ." ಅವನು ಬೆರಳು ಸರಿಸುತ್ತಾನೆ. ಇಬ್ಬರ ನಡುವೆ ಮೊದಲ ಗುಟ್ಟು ಹುಟ್ಟಿತು. ಅವರ ಮೊದಲ ಜೊತೆ ಕೆಲಸವೂ ಅದೇ.

ಸಪ್ತಪದಿಯ ಏಳನೇ ಹೆಜ್ಜೆ ಕೇಳುವುದು ಗೆಳೆತನವನ್ನು. "ಸಖಾ ಸಪ್ತಪದಾ ಭವ." ಇಡೀ ಕಥೆಯ ನಕ್ಷೆ ಈ ಮಾತಿನಲ್ಲಿದೆ. ಮೊದಲು ಸಖ, ಆಮೇಲೆ ಉಳಿದದ್ದು.

ಕೊಡವರ ಮದುವೆಯಲ್ಲಿ ಬಾಳೆದಿಂಡನ್ನು ಕತ್ತಿಯಿಂದ ಕಡಿಯುವ ಶಾಸ್ತ್ರವಿದೆ. ನಿಮ್ಮ ಕಲ್ಪನೆಯ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಒಂದು ಆಚರಣೆಯನ್ನು ಮದುಮಗಳೇ ಮಾಡಬಹುದು. ಉತ್ತರ ಕರ್ನಾಟಕದ ಕಡೆ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುತ್ತಾರೆ. ನಾಗಲೆಯ ಬಾಯಲ್ಲಿ ಒಂದು ಹಾಕಿ ನೋಡಿದೆ:

"ಗಡಿಯ ಕಾವಲಿಗೆ ನನ್ನ ಕತ್ತಿ, ಮನೆಯ ಬೆಳಕಿಗೆ ದೀಪದ ಬತ್ತಿ, ಕೇತರಸರ ಹೆಸರು ಹೇಳ್ತೀನಿ ಒತ್ತಿ ಒತ್ತಿ."

ಇದನ್ನೇ ಎರಡು ಸಲ ಬಳಸಿ. ಮದುವೆಯ ದಿನ ಅವಳು ಒತ್ತಾಯಕ್ಕೆ ಹೇಳುತ್ತಾಳೆ. ಕಥೆಯ ಕೊನೆಯ ಭಾಗದಲ್ಲಿ, ಅವನು ಶತ್ರುವಿನ ಸೆರೆಯಲ್ಲಿದ್ದಾಗ, ಸೈನ್ಯದ ಮುಂದೆ ನಿಂತು ಅದೇ ಸಾಲನ್ನು ಕೂಗಿ ಹೇಳುತ್ತಾಳೆ.

ಹಂತ 6: ತಾವು, ನೀವು, ನೀನು

ಕನ್ನಡದಲ್ಲಿ ಬರೆಯುವವರಿಗೆ ಸಿಕ್ಕಿರುವ ವರ ಇದು. ಸುಮ್ನೆ ಬಿಟ್ಟುಕೊಡಬೇಡಿ.

ಶುರುವಿನಲ್ಲಿ ಇಬ್ಬರೂ "ತಾವು" ಎನ್ನಲಿ. ಅದು ಗೌರವವಲ್ಲ, ಗೋಡೆ. ಒಂದೆರಡು ತಿಂಗಳ ನಂತರ ಯಾವುದೋ ಲೆಕ್ಕದ ವಾದದ ನಡುವೆ ಅವನಿಗೆ "ನೀವು" ಎಂದು ಬರಲಿ. ಅವಳು ಗಮನಿಸಲಿ, ಏನೂ ಹೇಳದಿರಲಿ. ಮಾರನೇ ದಿನ ಅವಳೂ "ನೀವು" ಎನ್ನಲಿ.

"ನೀನು" ಎಂಬುದನ್ನು ಜೋಪಾನವಾಗಿ ಕಾದಿಡಿ. ಅದು ಮೊದಲ ಬಾರಿ ಬರಬೇಕಾದ್ದು ಏಕಾಂತದಲ್ಲಿ ಅಲ್ಲ, ಅಪಾಯದಲ್ಲಿ. ಕಣಿವೆಯಲ್ಲಿ ಹೊಂಚುದಾಳಿ. ಬಾಣ ಬರುತ್ತಿದೆ. "ಬಗ್ಗಿ" ಎನ್ನಲು ಸಮಯವಿಲ್ಲ. ಅವಳು ಕೂಗುತ್ತಾಳೆ: "ಬಗ್ಗು!" ಅವನು ಬಗ್ಗುತ್ತಾನೆ. ಗದ್ದಲವೆಲ್ಲ ಮುಗಿದ ಮೇಲೆ, ರಾತ್ರಿ ಬೆಂಕಿಯ ಮುಂದೆ, ಅವನು ಮೆಲ್ಲಗೆ ಕೇಳುತ್ತಾನೆ: "ಆಗ ಏಕವಚನದಲ್ಲಿ ಕರೆದಿರಲ್ಲ?" ಅವಳು ಬೆಂಕಿಗೆ ಕಟ್ಟಿಗೆ ಇಡುತ್ತಾ ಹೇಳುತ್ತಾಳೆ: "ತಪ್ಪಾಯಿತಾ?" ಅವನು: "ಇಲ್ಲ. ಹಾಗೇ ಇರಲಿ."

ಬೇರೆ ಭಾಷೆಯ ಕಾದಂಬರಿಕಾರರು ಇದಕ್ಕಾಗಿ ಮೂರು ಪುಟ ಬರೆಯಬೇಕು. ನಮಗೆ ಒಂದು ಕ್ರಿಯಾಪದದ ಕೊನೆಯ ಅಕ್ಷರ ಸಾಕು. "ಪ್ರಿಯೆ", "ದೇವಿ", "ಪ್ರಾಣೇಶ್ವರ" ಎಂಬ ಸಂಬೋಧನೆಗಳನ್ನು ಬಿಟ್ಟುಬಿಡಿ. ಅವು ಬಂದ ಕೂಡಲೇ ಮನುಷ್ಯರು ಮಾಯವಾಗಿ ನಾಟಕದ ವೇಷ ಉಳಿಯುತ್ತದೆ.

ಹಂತ 7: ಸಭ್ಯತೆ ಎಂದರೆ ಬಿಸುಪಿಲ್ಲದ ಕಥೆಯಲ್ಲ

ಅಮ್ಮ, ಮಗಳು ಇಬ್ಬರೂ ಒಂದೇ ಫೋನಿನಲ್ಲಿ ಓದಬಹುದಾದ ಪ್ರೇಮಕಥೆ ಬರೆಯಲು ಹೊರಟಿದ್ದೀರಿ. ಮೈಯ ವರ್ಣನೆ ಬೇಡ, ಮಲಗುವ ಕೋಣೆಯ ಬಾಗಿಲು ಮುಚ್ಚಿರಲಿ. ಹಾಗಂತ ಇಬ್ಬರ ನಡುವೆ ಸೆಳೆತವೇ ಇಲ್ಲದ ಹಾಗೆ ಬರೆದರೆ ಅದು ಪ್ರೇಮಕಥೆ ಆಗುವುದಿಲ್ಲ.

ಸಣ್ಣ ಸ್ಪರ್ಶಗಳಿಗೆ ಬೆಲೆ ಬರುವುದು ಅವು ಕಡಿಮೆ ಇದ್ದಾಗ. ಗಾಯಕ್ಕೆ ಅರಿಶಿನ ಹಚ್ಚಿ ಪಟ್ಟಿ ಕಟ್ಟುವುದು. ಕುದುರೆ ಹತ್ತುವಾಗ ಕೈ ಕೊಡುವುದು, ಅವಳಿಗೆ ಬೇಕಿಲ್ಲದಿದ್ದರೂ ಆ ಕೈ ಹಿಡಿಯುವುದು. ಅವಳ ಬತ್ತಳಿಕೆಯ ಹರಿದ ಪಟ್ಟಿಯನ್ನು ಅವನು ಯಾರಿಗೂ ಹೇಳದೆ ಹೊಲಿದಿಡುವುದು. ಹಳೆಯ ಭುಜದ ಗಾಯ ಅವನ ಪಡೆಯ ಬಾಣದ್ದು ಎಂದು ಅವನಿಗೆ ಗೊತ್ತಾಗುವ ರಾತ್ರಿ, ಅವನು ಏನೂ ಮಾತಾಡದೆ ಎಣ್ಣೆ ಬಿಸಿ ಮಾಡಿ ತಂದಿಟ್ಟು ಹೊರಗೆ ಹೋಗುವುದು.

ಮೊದಲ ರಾತ್ರಿಯನ್ನು ತಪ್ಪಿಸಿಕೊಂಡು ಓಡಬೇಡಿ, ಓದುಗರು ಅದಕ್ಕಾಗಿ ಕಾಯುತ್ತಿರುತ್ತಾರೆ. ಕೇತರಸ ಬಾಗಿಲ ಹತ್ತಿರದ ಚಾಪೆಯ ಮೇಲೆ ಮಲಗುತ್ತಾನೆ. ನಾಗಲೆ ಕತ್ತಿಯನ್ನು ದಿಂಬಿನ ಪಕ್ಕ ಇಡುತ್ತಾಳೆ. "ನಿದ್ದೆ ಬರುತ್ತಾ?" ಎಂದು ಅವನು ಕೇಳುತ್ತಾನೆ. "ಹೊಸ ಜಾಗ" ಎನ್ನುತ್ತಾಳೆ. "ನನಗೂ ಹೊಸದೇ, ಮೊದಲು ಈ ಕೋಣೆಯಲ್ಲಿ ಮೆಣಸಿನ ಮೂಟೆ ಇತ್ತು" ಎನ್ನುತ್ತಾನೆ. ಅವಳು ಕತ್ತಲಲ್ಲಿ ನಗುತ್ತಾಳೆ. ಸಾಕು. ಮುಂದೆ ಒಂದು ದಿನ ಆ ಕತ್ತಿ ದಿಂಬಿನ ಪಕ್ಕದಿಂದ ಗೂಟಕ್ಕೆ ಹೋಗುತ್ತದೆ. ಅವಳ ಕೈಗೆ ಎಟುಕುವ ದೂರದಲ್ಲೇ. ಅಷ್ಟರಲ್ಲಿ ಓದುಗರಿಗೆ ಎಲ್ಲವೂ ತಿಳಿಯುತ್ತದೆ.

ಬಲವಂತವನ್ನು ಪ್ರೀತಿ ಎಂದು ತೋರಿಸಬೇಡಿ. ಕೆನ್ನೆಗೆ ಹೊಡೆದು ಆಮೇಲೆ ಅಪ್ಪಿಕೊಳ್ಳುವ ನಾಯಕ ನಮಗೆ ಬೇಡ. ಬಾಗಿಲು ಮುಚ್ಚಿದ ದೃಶ್ಯವೂ ಅಸಭ್ಯವಾಗಬಹುದು, ಅಲ್ಲಿ ಅವಳ ಒಪ್ಪಿಗೆ ಇಲ್ಲದಿದ್ದರೆ.

ಹಂತ 8: ಜಗಳ ನಿಜದ್ದಾಗಿರಲಿ

ಯಾರೋ ಹೇಳಿದ ಸುಳ್ಳು, ಅರ್ಧ ಕೇಳಿದ ಮಾತು, ಸಿಕ್ಕಿದ ಓಲೆ. ಇಂಥ ತಪ್ಪು ತಿಳುವಳಿಕೆಯ ಮೇಲೆ ಹದಿನೈದು ಕಂತು ಎಳೆಯಬಹುದು. ಆದರೆ ಇಬ್ಬರೂ ಐದು ನಿಮಿಷ ಕೂತು ಮಾತಾಡಿದರೆ ಮುಗಿಯುವ ಜಗಳ ಜಗಳವೇ ಅಲ್ಲ. ಇಬ್ಬರೂ ಸರಿ ಇರುವ ಜಗಳ ಬರೆಯಿರಿ. ಬಂದರಿನಲ್ಲಿ ಹಸಿವು ಬಂದಿದೆ, ಸುಂಕ ಏರಿಸದೆ ಕೇತರಸನಿಗೆ ಬೇರೆ ದಾರಿ ಇಲ್ಲ. ಏರಿಸಿದರೆ ಕಣಿವೆಯ ಹೇರು ಎತ್ತಿನವರು ಹಾಳಾಗುತ್ತಾರೆ, ಅವರು ನಾಗಲೆಯ ಜನ. ಈಗ ಒಪ್ಪಂದದ ಹಾಳೆ ತೆಗೆಯಿರಿ. ಬಚ್ಚಿಟ್ಟ ಐದನೇ ಷರತ್ತನ್ನು ಹೊರತರಲು ಇದೇ ಸಮಯ.

ಅತ್ತೆಯನ್ನು ಖಳನಾಯಕಿ ಮಾಡುವುದು ಸಾಕಾಗಿದೆ. ಆಕೆಯೂ ಒಂದು ಕಾಲಕ್ಕೆ ಒಪ್ಪಂದದ ಮದುಮಗಳೇ ಆಗಿದ್ದವರು. ಆಕೆ ತನ್ನ ಕತ್ತಿಯನ್ನು ಎಲ್ಲಿಟ್ಟರು ಎಂದು ನಾಗಲೆ ಕೇಳಲಿ.

ಹಂತ 9: ಯುದ್ಧ, ಆಮೇಲೆ ಕಂತಿನ ಲೆಕ್ಕ

ಕೊನೆಯ ಯುದ್ಧಕ್ಕೆ ಬೇಕಾದ ಗೆಲುವು ಇಬ್ಬರ ವಿದ್ಯೆಯಿಂದಲೂ ಬರಲಿ. ಉಬ್ಬರ ಯಾವಾಗ ಎಂದು ಅವನಿಗೆ ಗೊತ್ತು, ಕಣಿವೆ ಎಲ್ಲಿ ಕಿರಿದು ಎಂದು ಅವಳಿಗೆ ಗೊತ್ತು. ಕುದುರೆ ದಿನಕ್ಕೆ 30ರಿಂದ 40 ಕಿಲೋಮೀಟರು ಆರಾಮಾಗಿ ಹೋಗುತ್ತದೆ, ಕಾಲಾಳು ಅದಕ್ಕಿಂತ ನಿಧಾನ. ಊರುಗಳ ನಡುವಿನ ದೂರವನ್ನು ಕಾಗದದ ಮೇಲೆ ಗೀಚಿಕೊಳ್ಳಿ. ಇಲ್ಲದಿದ್ದರೆ ಸೈನ್ಯ ಒಂದೇ ರಾತ್ರಿಯಲ್ಲಿ ಘಟ್ಟ ಇಳಿದುಬಿಡುತ್ತದೆ.

ಪ್ರತಿಲಿಪಿಯಂಥ ಆ್ಯಪ್‌ನಲ್ಲಿ ಕಂತು ಕಂತಾಗಿ ಹಾಕುವವರು ಪ್ರತಿ ಕಂತಿನಲ್ಲೂ ಯುದ್ಧ ತುರುಕಬೇಕಿಲ್ಲ. ಒಂದು ಕಂತಿಗೆ ನಂಬಿಕೆಯ ಒಂದು ಹೆಜ್ಜೆ ಸಾಕು. ಮುಂದೆ ಹೋದರೂ ಸರಿ, ಹಿಂದೆ ಬಂದರೂ ಸರಿ. ಕನಿಷ್ಠ ಹತ್ತು ಕಂತು ಕೈಯಲ್ಲಿಟ್ಟುಕೊಂಡು ಶುರು ಮಾಡಿ. ಆಗ ಅವಸರಕ್ಕೆ ಕಥೆ ಕೆಡುವುದಿಲ್ಲ.

ಹಂತ 10: ತಿದ್ದುವಾಗ

ಕರಡು ಮುಗಿದ ಮೇಲೆ ಒಂದು ವಾರ ಮುಟ್ಟಬೇಡಿ. ಆಮೇಲೆ ಸಂಭಾಷಣೆಗಳನ್ನು ಮಾತ್ರ ಗಟ್ಟಿಯಾಗಿ ಓದಿ. ಹೆಸರು ಮುಚ್ಚಿದರೂ ಯಾರ ಮಾತು ಎಂದು ತಿಳಿಯಬೇಕು. ತಾವು, ನೀವು, ನೀನು ಬದಲಾಗುವ ಜಾಗಗಳಿಗೆ ಗುರುತು ಹಾಕಿ, ಪ್ರತಿ ಬದಲಾವಣೆಗೂ ಕಾರಣ ಇದೆಯೇ ನೋಡಿ. ಒಪ್ಪಂದದ ಐದು ಷರತ್ತೂ ಪರೀಕ್ಷೆಗೆ ಬಂದವೇ ಎಂದು ಎಣಿಸಿ.

ಕೊನೆಗೆ ಕಡತದಲ್ಲಿ "ಕತ್ತಿ" ಎಂಬ ಪದವನ್ನು ಹುಡುಕಿ. ಮದುವೆಯ ಅಧ್ಯಾಯಕ್ಕಿಂತ ಮೊದಲು ಎಷ್ಟು ಸಲ ಬಂದಿದೆ, ಆಮೇಲೆ ಎಷ್ಟು ಸಲ ಬಂದಿದೆ ನೋಡಿ. ಆಮೇಲಿನದು ತೀರಾ ಕಡಿಮೆಯಿದ್ದರೆ, ಯಾವ ಪುಟದಲ್ಲಿ ಅವಳು ಅದನ್ನು ಕೆಳಗಿಟ್ಟಳೋ ಆ ಪುಟದಿಂದ ಮತ್ತೆ ಬರೆಯಿರಿ.